ಸಂಘಜೀವಿಯ ಸೆಮಿಸ್ಟರ್

ಬಿ.ಎ.ಗೆ ಸೇರಲು ಬಂದು, ಅರ್ಜಿ ಕೈಯಲ್ಲಿ ಹಿಡಿದು, ಯಾವ ಕಾಂಬಿನೇಷನ್ ತಗೊಳ್ಳಲಿ ಎಂದು ನೋಟಿಸ್ ಬೋರ್ಡಿನ ಮುಂದೆ ನಿಂತ ಹುಡುಗನಿಗೆ ಸೀನಿಯರುಗಳಿಂದ ಸಿಗುವ ಸಲಹೆ ಎಲ್ಲ ಊರಿನಲ್ಲೂ ಒಂದೇ: 'ಸೋಶಿಯಾಲಜಿ ತಗೋ ಮಾರಾಯ, ಓದೋದೇ ಬೇಡ.' ಇತಿಹಾಸವೆಂದರೆ ಇಸವಿಗಳನ್ನು ಉರು ಹೊಡೆಯಬೇಕು. ಅರ್ಥಶಾಸ್ತ್ರವೆಂದರೆ ಗೆರೆ ಎಳೆದು, ಅದು ಯಾಕೆ ಕೆಳಗೆ ಬಾಗಿತು ಎಂಬುದಕ್ಕೆ ಸಮಜಾಯಿಷಿ ಕೊಡಬೇಕು. ಐಚ್ಛಿಕ ಕನ್ನಡವೆಂದರೆ ಹಳಗನ್ನಡದ ಪದ್ಯವನ್ನು ಗಂಟು ಬಿಚ್ಚಿದ ಹಾಗೆ ಬಿಡಿಸಬೇಕು. ಸಮಾಜಶಾಸ್ತ್ರದಲ್ಲಿ ಈ ಕಾಟ ಯಾವುದೂ ಇಲ್ಲ. ಕುಟುಂಬ, ಮದುವೆ, ಜಾತಿ, ಹಳ್ಳಿ, ನೆರೆಹೊರೆ ಎಲ್ಲವೂ ಹುಟ್ಟಿದಾಗಿನಿಂದ ಕಂಡು ಉಂಡಿದ್ದೇ. ಹತ್ತು ಅಂಕಕ್ಕೆ 'ಅವಿಭಕ್ತ ಕುಟುಂಬದ ದೋಷಗಳನ್ನು ವಿವರಿಸಿ' ಎಂದು ಕೇಳಿದರೆ ಯಾವ ಸೊಸೆಯಾದರೂ ಹೆಚ್ಚುವರಿ ಹಾಳೆ ಕೇಳಿ ಪಡೆದು ಬರೆದಾಳು. ಹೀಗಾಗಿಯೇ 'ಎಲ್ಲರಿಗೂ ಗೊತ್ತಿರುವುದನ್ನು ಯಾರಿಗೂ ಗೊತ್ತಾಗದ ಹಾಗೆ ಹೇಳುವ ಶಾಸ್ತ್ರ' ಎಂಬ ಗೇಲಿ ಈ ವಿಷಯದ ಬೆನ್ನಿಗೆ ಅಂಟಿಕೊಂಡುಬಿಟ್ಟಿದೆ. ನನ್ನ ತಕರಾರು ಇರುವುದು ಇಲ್ಲೇ. ವಿಶ್ವವಿದ್ಯಾಲಯದಲ್ಲಿ ಕಲಿಸುವ ವಿಷಯಗಳಲ್ಲಿ ಸಮಾಜಶಾಸ್ತ್ರದಷ್ಟು ಕಠಿಣವಾದದ್ದು ಇನ್ನೊಂದಿಲ್ಲ. ಅದೆಲ್ಲ ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದಲ್ಲ, ಕಷ್ಟವೆಲ್ಲ ಅದರಿಂದಲೇ.

ರಸಾಯನಶಾಸ್ತ್ರ ಓದುವವನ ಅದೃಷ್ಟ ನೋಡಿ. ಬೆಂಜೀನಿನ ಬಗ್ಗೆ ಅವನ ಮನೆಯಲ್ಲಿ ಯಾರಿಗೂ ಅಭಿಪ್ರಾಯವಿಲ್ಲ. ಅವನು ಅದನ್ನು ಷಟ್ಕೋನ ಎಂದರೆ ಷಟ್ಕೋನ. ಸೋದರಮಾವ ಬಂದು 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎನ್ನುವುದಿಲ್ಲ. ಬೆಂಜೀನ್ ಕೂಡ ಎದುರಾಡುವುದಿಲ್ಲ. ಸಮಾಜಶಾಸ್ತ್ರದ ಹುಡುಗಿ ಜಗಲಿಯಲ್ಲಿ ಕೂತು 'ಕುಟುಂಬದ ಬದಲಾಗುತ್ತಿರುವ ಸ್ವರೂಪ' ಎಂದು ಗಟ್ಟಿಯಾಗಿ ಒಮ್ಮೆ ಓದಿದರೆ ಸಾಕು, ಒಳಗಿನಿಂದ ಅಜ್ಜಿ 'ಹೌದು ಕಣೇ, ನಿಮ್ಮ ಚಿಕ್ಕಮ್ಮ ಕಾಲಿಟ್ಟ ಮೇಲೇ ಬದಲಾದದ್ದು' ಎಂದು ಕಾರಣ, ಪರಿಣಾಮ, ಉದಾಹರಣೆ ಸಮೇತ ಉತ್ತರ ಕೊಟ್ಟುಬಿಡುತ್ತಾರೆ. ಅಜ್ಜಿಯ ಉತ್ತರ ಪಠ್ಯಪುಸ್ತಕದ್ದಕ್ಕಿಂತ ಸ್ವಾರಸ್ಯವಾಗಿದೆ, ಆದರೆ ಅದಕ್ಕೆ ಅಂಕವಿಲ್ಲ. ಇಲ್ಲಿಂದ ಶುರುವಾಗುತ್ತದೆ ಹುಡುಗಿಯ ದ್ವಿಭಾಷಾ ಬದುಕು. ಮನೆಯಲ್ಲಿ ಜಗಳ ಎನ್ನುವುದು ಕಾಲೇಜಿನಲ್ಲಿ ಸಂಘರ್ಷ. ಮನೆಯಲ್ಲಿ 'ಹೊಂದ್ಕೊಂಡು ಹೋಗಮ್ಮ' ಎನ್ನುವುದು ಅಲ್ಲಿ ಸಮನ್ವಯ. 'ನಾಲ್ಕು ಜನ ಏನಂದಾರು?' ಎಂಬ, ಈ ನಾಡಿನ ಪ್ರತಿ ಹೆಣ್ಣುಮಗಳೂ ದಿನಕ್ಕೆರಡು ಬಾರಿ ಕೇಳುವ ಮಾತಿಗೆ ಅಲ್ಲಿನ ಹೆಸರು 'ಸಾಮಾಜಿಕ ನಿಯಂತ್ರಣದ ಅನೌಪಚಾರಿಕ ಸಾಧನ'. ಹೆಸರು ಬದಲಾದ ಮಾತ್ರಕ್ಕೆ ಆ ನಾಲ್ಕು ಜನ ಬಾಯಿ ಮುಚ್ಚುವುದಿಲ್ಲ ಅನ್ನಿ.

ಮೊದಲ ಅಧ್ಯಾಯದಲ್ಲಿ ಎದುರಾಗುವವನು ಫ್ರಾನ್ಸಿನ ಆಗಸ್ಟ್ ಕಾಮ್ಟ್. ಈ ಶಾಸ್ತ್ರಕ್ಕೆ 1839ರಲ್ಲಿ ನಾಮಕರಣ ಮಾಡಿದವನು ಎಂದು ಪುಸ್ತಕಗಳು ಹೇಳುತ್ತವೆ. ಲ್ಯಾಟಿನ್ನಿನ ತಲೆಗೆ ಗ್ರೀಕಿನ ಬಾಲ ಜೋಡಿಸಿದ ಆ ಹೆಸರನ್ನು ಪಂಡಿತರು ಆಗಲೇ ಬೆರಕೆ ಎಂದು ಮೂಗು ಮುರಿದಿದ್ದರಂತೆ. ಜಾತಿಯ ಅಧ್ಯಾಯ ಇರುವ ಶಾಸ್ತ್ರಕ್ಕೆ ಹೆಸರೇ ಅಂತರ್ಜಾತೀಯವಾದದ್ದು ಒಳ್ಳೆಯದೇ ಆಯಿತು. ತತ್ತ್ವಶಾಸ್ತ್ರದಲ್ಲಿ ಕಾಂಟ್ ಎಂಬ ಇನ್ನೊಬ್ಬನಿದ್ದಾನೆ. ಇಬ್ಬರನ್ನೂ ಒಬ್ಬನೇ ಎಂದು ಬಗೆದು ಬರೆದ ಉತ್ತರಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮನುಷ್ಯನ ಚಿಂತನೆ ದೈವಿಕ, ತಾತ್ತ್ವಿಕ, ವೈಜ್ಞಾನಿಕ ಎಂಬ ಮೂರು ಹಂತಗಳಲ್ಲಿ ಸಾಗುತ್ತದೆ ಎಂಬುದು ಕಾಮ್ಟನ ಪ್ರಸಿದ್ಧ ನಿಯಮ. ಸೆಮಿಸ್ಟರಿನಲ್ಲಿ ಅದು ತಲೆಕೆಳಗಾಗಿ ನಡೆಯುತ್ತದೆ. ಮೊದಲ ತಿಂಗಳು ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸುವ ವೈಜ್ಞಾನಿಕ ಹಂತ, ನಡುವೆ 'ಓದಿ ಏನಾಗಬೇಕಿದೆ' ಎಂಬ ತಾತ್ತ್ವಿಕ ಹಂತ, ಪರೀಕ್ಷೆಯ ಹಿಂದಿನ ರಾತ್ರಿ ಊರ ದೇವರಿಗೆ ಹಣ್ಣುಕಾಯಿ ಹೇಳಿಕೊಳ್ಳುವ ಶುದ್ಧ ದೈವಿಕ ಹಂತ. ಈ ಕಾಮ್ಟ್ ಒಂದು ವಯಸ್ಸು ಕಳೆದ ಮೇಲೆ ಬೇರೆಯವರ ಪುಸ್ತಕಗಳನ್ನು ಓದುವುದನ್ನೇ ಬಿಟ್ಟಿದ್ದ. ಅದನ್ನು ಮೆದುಳಿನ ನೈರ್ಮಲ್ಯ ಎಂದು ಕರೆದುಕೊಂಡಿದ್ದ. ಅವನ ಬೋಧನೆಗಳಲ್ಲಿ ನಮ್ಮ ವಿದ್ಯಾರ್ಥಿಗಳು ಯಾರೂ ಹೇಳಿಕೊಡದೆ ಚಾಚೂ ತಪ್ಪದೆ ಪಾಲಿಸುತ್ತಿರುವುದು ಇದೊಂದನ್ನೇ.

ಗೊತ್ತಿರುವುದು ಹೇಗೆ ಕಷ್ಟ ಕೊಡುತ್ತದೆ ಎಂಬುದಕ್ಕೆ ಬಂಧುತ್ವದ ಅಧ್ಯಾಯಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕನ್ನಡದ ಮಗು ಶಾಲೆಗೆ ಹೋಗುವ ಮೊದಲೇ ದೊಡ್ಡಪ್ಪನ ಮಗಳು ಅಕ್ಕ, ಮಾವನ ಮಗಳು ಅಕ್ಕ ಅಲ್ಲ ಎಂಬುದನ್ನು ತಿಳಿದಿರುತ್ತದೆ. ಚಿಕ್ಕಮ್ಮನ ಮಗನ ಜೊತೆ ಯಾರೂ ಯಾಕೆ ತಮಾಷೆ ಮಾಡುವುದಿಲ್ಲ, ಅತ್ತೆಯ ಮಗನ ಹೆಸರೆತ್ತಿದರೆ ಮನೆಯವರೆಲ್ಲ ಯಾಕೆ ಕಿಸಿಕಿಸಿ ನಗುತ್ತಾರೆ ಎಂಬುದೂ ಅದಕ್ಕೆ ಅರಿವಾಗಿಬಿಟ್ಟಿರುತ್ತದೆ. ತಾಯಿಯ ಅಣ್ಣನೂ ಮಾವ, ಹೆಂಡತಿಯ ಅಪ್ಪನೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಿಕೆಯ ಮದುವೆ ನಡೆಯುವ ನಾಡಿನ ಇಡೀ ವ್ಯವಸ್ಥೆ ಈ ಎರಡು ಪದಗಳಲ್ಲಿ ಕೂತಿದೆ. ಇರಾವತಿ ಕರ್ವೆ 1953ರ ತಮ್ಮ ಗ್ರಂಥದಲ್ಲಿ ಭಾರತದ ಬಂಧುತ್ವವನ್ನು ವಲಯಗಳಾಗಿ ವಿಂಗಡಿಸಿ, ದಕ್ಷಿಣದ ಈ ಪದ್ಧತಿ ಉತ್ತರದ್ದಕ್ಕಿಂತ ಎಷ್ಟು ಬೇರೆ ಎಂಬುದನ್ನು ವಿಸ್ತಾರವಾಗಿ ವಿವರಿಸಿದರು. ಯುರೋಪಿನ ವಿದ್ಯಾರ್ಥಿ ಇದನ್ನು ಅರ್ಥಮಾಡಿಕೊಳ್ಳಲು ತ್ರಿಕೋನ, ವೃತ್ತಗಳ ನಕ್ಷೆ ಬರೆದುಕೊಂಡು ವಾರಗಟ್ಟಲೆ ಒದ್ದಾಡುತ್ತಾನೆ. ನಮ್ಮವನಿಗೆ ಅದು ಉಸಿರಾಟದಷ್ಟು ಸಲೀಸು. ಹಾಗಾದರೆ ಅವನು ಈ ಅಧ್ಯಾಯದಲ್ಲಿ ಪೂರ್ತಿ ಅಂಕ ತೆಗೆಯಬೇಕಲ್ಲ? ತೆಗೆಯುವುದಿಲ್ಲ. 'ವಿವರಿಸಿ' ಎಂದು ಕೇಳಿದರೆ 'ಅದು ಹಾಗೇ' ಎಂಬುದಕ್ಕಿಂತ ಮುಂದೆ ಅವನ ಪೆನ್ನು ಓಡುವುದಿಲ್ಲ. ಉಸಿರಾಡುವವರೆಲ್ಲ ಶ್ವಾಸಕೋಶದ ಡಾಕ್ಟರಾಗುವುದಿಲ್ಲವಷ್ಟೆ. ಕೊನೆಗೆ ತನ್ನ ಮಾವ ಅತ್ತೆಯರನ್ನೇ ಗೈಡಿನಿಂದ ಬಾಯಿಪಾಠ ಮಾಡಿ, ಒಂದು ಸಾಲು ಮರೆತು, ಆ ಜಾಗಕ್ಕೆ 'ಮನುಷ್ಯ ಸಂಘಜೀವಿ' ಎಂದು ತುಂಬಿ ಎದ್ದು ಬರುತ್ತಾನೆ. ಈ 'ಸಂಘಜೀವಿ' ಎಂಬುದು ಸಮಾಜಶಾಸ್ತ್ರದ ಉತ್ತರಪತ್ರಿಕೆಯ ತೆಂಗಿನಕಾಯಿ. ಯಾವ ಅಡುಗೆಗೂ ತುರಿದು ಹಾಕಬಹುದು. ಅರಿಸ್ಟಾಟಲ್ ಹೇಳಿದ್ದು ನಗರ-ರಾಜ್ಯದಲ್ಲಿ ಬಾಳುವ ಪ್ರಾಣಿ ಎಂಬ ಅರ್ಥದಲ್ಲಿ, ಆದರೆ ಮೌಲ್ಯಮಾಪಕರೂ ಅದೇ ಗೈಡಿನಿಂದ ಪಾಸಾದವರಾದ್ದರಿಂದ ತೊಂದರೆಯಿಲ್ಲ.

ಇಲ್ಲಿ ಒಬ್ಬರು ಎದ್ದು ನಿಂತು ಕೇಳುತ್ತಾರೆ: ಗೊತ್ತಿರುವುದಕ್ಕೆ ದೊಡ್ಡ ದೊಡ್ಡ ಪದ ಹಚ್ಚಿದ್ದು ಬಿಟ್ಟರೆ ಈ ಶಾಸ್ತ್ರ ಹೊಸದಾಗಿ ಹೇಳಿದ್ದಾದರೂ ಏನು? ಸಾಮಾನ್ಯ ಜ್ಞಾನ ಇದ್ದವನಿಗೆ ಇದೆಲ್ಲ ತಿಳಿಯುವುದಿಲ್ಲವೇ? ಇದಕ್ಕೆ ಪಾಲ್ ಲಾಜರ್ಸ್‌ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1949ರಲ್ಲೇ ಒಂದು ಕುಚೋದ್ಯದ ಉತ್ತರ ಕೊಟ್ಟಿದ್ದಾನೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದನ್ನು ವಿಮರ್ಶಿಸುತ್ತ, ಆ ಅಧ್ಯಯನ ಕಂಡುಕೊಂಡ ಸಂಗತಿಗಳು ಇವು ಎಂಬಂತೆ ಒಂದು ಪಟ್ಟಿ ಕೊಟ್ಟ. ಓದಿದ ಸೈನಿಕರಲ್ಲಿ ಓದದವರಿಗಿಂತ ಮಾನಸಿಕ ತೊಳಲಾಟದ ಲಕ್ಷಣಗಳು ಹೆಚ್ಚು. ಹಳ್ಳಿಯಿಂದ ಬಂದವರು ಪಟ್ಟಣದವರಿಗಿಂತ ಸೈನ್ಯದಲ್ಲಿ ಹೆಚ್ಚು ಗೆಲುವಾಗಿದ್ದರು. ಅಮೆರಿಕದ ದಕ್ಷಿಣದ ಸೆಕೆಯಲ್ಲಿ ಬೆಳೆದವರು ಉತ್ತರದವರಿಗಿಂತ ದ್ವೀಪಗಳ ಬಿಸಿಲನ್ನು ಚೆನ್ನಾಗಿ ತಾಳಿಕೊಂಡರು. ಇಂಥವು. ಓದುಗ ತಲೆಯಾಡಿಸುತ್ತಾನೆ: ಓದಿದವನಿಗೆ ಚಿಂತೆ ಜಾಸ್ತಿ, ಹಳ್ಳಿಯವನಿಗೆ ಕಷ್ಟ ಅಭ್ಯಾಸ, ಸೆಕೆ ಕಂಡವನಿಗೆ ಸೆಕೆ ಏನು ಮಹಾ, ಇಷ್ಟಕ್ಕೆ ಸರ್ಕಾರದ ದುಡ್ಡು ಸುರಿಯಬೇಕಿತ್ತೇ? ಆಗ ಲಾಜರ್ಸ್‌ಫೆಲ್ಡ್ ಮೆಲ್ಲಗೆ ಹೇಳುತ್ತಾನೆ, ಅಧ್ಯಯನದಲ್ಲಿ ನಿಜವಾಗಿ ಕಂಡುಬಂದದ್ದು ಈ ಪ್ರತಿಯೊಂದರ ಉಲ್ಟಾ. ಮೊದಲೇ ಉಲ್ಟಾ ಹೇಳಿದ್ದರೂ ಓದುಗ ಅಷ್ಟೇ ಜೋರಾಗಿ ತಲೆಯಾಡಿಸುತ್ತಿದ್ದ. ಓದಿದವನಿಗೆ ವಿವೇಕ ಜಾಸ್ತಿ, ಹಳ್ಳಿಯವನಿಗೆ ಊರಿನ ನೆನಪು ಕಾಡುತ್ತದೆ ಎಂದು ಕಾರಣವನ್ನೂ ತಾನೇ ಕೊಟ್ಟುಕೊಳ್ಳುತ್ತಿದ್ದ. ನಮ್ಮ ಗಾದೆಗಳದ್ದೂ ಇದೇ ಕಸುಬು. ತಾಳಿದವನು ಬಾಳಿಯಾನು ಎನ್ನುವ ಬಾಯಿಯೇ ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತದೆ. ಎರಡೂ ನಿಜ, ಯಾವಾಗ ಯಾವುದು ಎಂದು ಮಾತ್ರ ಕೇಳಬಾರದು. ಸಮಾಜಶಾಸ್ತ್ರ ಕೇಳುವುದು ಅದನ್ನೇ.

ಕೇಳಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಹೆರಾಲ್ಡ್ ಗಾರ್ಫಿಂಕೆಲ್ ತನ್ನ ವಿದ್ಯಾರ್ಥಿಗಳನ್ನು ಬಲಿಕೊಟ್ಟು ತೋರಿಸಿದ. 1967ರ ಅವನ ಪುಸ್ತಕದಲ್ಲಿ ಈ ಪ್ರಯೋಗಗಳ ವಿವರವಿದೆ. ಮನೆಗೆ ಹೋಗಿ, ಹದಿನೈದು ನಿಮಿಷದಿಂದ ಒಂದು ಗಂಟೆಯವರೆಗೆ, ಆ ಮನೆಯಲ್ಲಿ ಬಾಡಿಗೆಗಿರುವ ಅಪರಿಚಿತನಂತೆ ವಿನಯದಿಂದ ನಡೆದುಕೊಳ್ಳಿ ಎಂದು ಅವನು ಹೇಳಿ ಕಳಿಸಿದ. ಮಕ್ಕಳು ತಾಯಿಯನ್ನು ಸಂಬೋಧಿಸುವಾಗ ಮರ್ಯಾದೆ ಸೂಸಿದ್ದೇ ತಡ, ಮನೆಗಳು ಅಲ್ಲೋಲಕಲ್ಲೋಲವಾದವು. ನಿನಗೆ ಹುಷಾರಿಲ್ಲವೇ, ಕೆಲಸ ಹೋಯಿತೇ, ತಲೆ ಕೆಟ್ಟಿದೆಯೇ ಎಂದು ತಂದೆತಾಯಿಗಳು ಕೂಗಾಡಿದರು. ಇನ್ನೊಂದು ಪ್ರಯೋಗದಲ್ಲಿ, ಸ್ನೇಹಿತ 'ಹೇಗಿದ್ದೀಯ?' ಎಂದರೆ 'ಯಾವ ವಿಷಯದಲ್ಲಿ? ಆರೋಗ್ಯವೋ, ಹಣಕಾಸೋ, ಮನಶ್ಶಾಂತಿಯೋ?' ಎಂದು ಸ್ಪಷ್ಟನೆ ಕೇಳಬೇಕಿತ್ತು. ಇದನ್ನು ಹಾಸನದಲ್ಲೋ ಹಾವೇರಿಯಲ್ಲೋ ಮಾಡಿ ನೋಡಬೇಕು. ಎದುರು ಸಿಕ್ಕವರು 'ಊಟ ಆಯ್ತಾ?' ಎಂದು ಕೇಳಿದಾಗ 'ಊಟ ಎಂದರೆ ನಿಮ್ಮ ಪ್ರಕಾರ ಏನು? ಮುದ್ದೆಯೋ ರೊಟ್ಟಿಯೋ? ತಿಳಿದುಕೊಂಡು ಏನು ಮಾಡುತ್ತೀರಿ?' ಎಂದು ಒಬ್ಬ ಹುಡುಗ ಕೇಳಿದನೆನ್ನಿ. ಸಂಜೆಯೊಳಗೆ ಅವನ ತಾಯಿಗೆ ಸುದ್ದಿ ಮುಟ್ಟಿರುತ್ತದೆ, ರಾತ್ರಿಯೊಳಗೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದಿರುತ್ತಾರೆ. 'ಊಟ ಆಯ್ತಾ' ಎಂಬುದು ಊಟದ ಬಗೆಗಿನ ಪ್ರಶ್ನೆಯೇ ಅಲ್ಲ, 'ನೀನು ನಮ್ಮವನು' ಎಂದು ದಿನವೂ ಒತ್ತುವ ಮೊಹರು ಎಂಬುದು ಗೊತ್ತಾಗಬೇಕಾದರೆ ಒಮ್ಮೆಯಾದರೂ ಅದನ್ನು ಕೆಡಿಸಬೇಕು. ಭೌತಶಾಸ್ತ್ರದವನು ಪ್ರಯೋಗ ಕೆಡಿಸಿದರೆ ಗಾಜಿನ ನಳಿಗೆ ಒಡೆಯುತ್ತದೆ, ಕಾಲೇಜಿಗೆ ದಂಡ ಕಟ್ಟಿದರೆ ಮುಗಿಯಿತು. ಇವನ ಪ್ರಯೋಗಾಲಯದಲ್ಲಿ ಇವನೇ ಊಟ ಮಾಡಬೇಕು, ಮಲಗಬೇಕು.

ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಈ ಸಂಕಟ ಶಿಖರ ಮುಟ್ಟುತ್ತದೆ. ಪ್ರಶ್ನಾವಳಿ ಹಿಡಿದು ಬೀದಿಗಿಳಿದ ವಿದ್ಯಾರ್ಥಿಯನ್ನು ಊರು ವಿದ್ಯಾರ್ಥಿ ಎಂದು ನಂಬುವುದೇ ಇಲ್ಲ. ಹಾಳೆ, ಪೆನ್ನು, ಕುತ್ತಿಗೆಗೆ ಐಡಿ ಕಾರ್ಡು ಇದ್ದ ಮೇಲೆ ಇವನು ಮನೆ ಮಂಜೂರು ಮಾಡುವವನಿರಬೇಕು, ಇಲ್ಲವೇ ಬಿಪಿಎಲ್ ಕಾರ್ಡು ರದ್ದು ಮಾಡುವವನಿರಬೇಕು. 'ಕುಟುಂಬದ ಮಾಸಿಕ ಆದಾಯ' ಎಂಬ ಏಳನೆಯ ಪ್ರಶ್ನೆಗೆ ಬಂದ ಕೂಡಲೇ ಎರಡಂತಸ್ತಿನ ಮನೆಯ ಯಜಮಾನರೂ ದೀನರಾಗಿಬಿಡುತ್ತಾರೆ. ಅದೇ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಪಂಕ್ತಿಗೆ ಕೂತ ದೊಡ್ಡಮ್ಮನೊಬ್ಬರು ಕೇಳಲಿ. ಸಾರು ಬಂದು ಮಜ್ಜಿಗೆ ಬರುವಷ್ಟರಲ್ಲಿ ಎದುರಿನವರ ಊರು, ಮನೆತನ, ಸಂಬಳ, ಸೈಟು, ಬಾಕಿ ಸಾಲ ಎಲ್ಲ ಹೊರಬಂದಿರುತ್ತದೆ, ಅದೂ ಒಂದು ಹಾಳೆಯ ಖರ್ಚಿಲ್ಲದೆ. ವಿದ್ಯಾರ್ಥಿ ಸೋತು ಹಾಸ್ಟೆಲಿಗೆ ಮರಳಿ, ಮಿಕ್ಕ ಪ್ರಶ್ನಾವಳಿಗಳನ್ನು ತಾನೇ ತುಂಬುತ್ತಾನೆ. ಒಂದೇ ಕೈಬರಹದಲ್ಲಿ ಐವತ್ತು ಕುಟುಂಬಗಳು ಸುಖವಾಗಿ ಬಾಳತೊಡಗುವುದು ಹೀಗೆ.

ಇದನ್ನು ನೋಡಿ ನಗುವ ಮೊದಲು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರನ್ನು ನೆನೆಯಬೇಕು. 1916ರಲ್ಲಿ ಹುಟ್ಟಿ, ಮೈಸೂರು, ಮುಂಬಯಿ, ಆಕ್ಸ್‌ಫರ್ಡುಗಳಲ್ಲಿ ಓದಿ, ಕೊಡವರ ಕುರಿತ 1952ರ ಗ್ರಂಥದಲ್ಲಿ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಕೊಟ್ಟವರು ಇವರು. ಎಲ್ಲ ಬಿಟ್ಟು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ ಕೂತು, ಅದಕ್ಕೆ ರಾಂಪುರ ಎಂಬ ಹೆಸರಿಟ್ಟು, ತಿಂಗಳುಗಟ್ಟಲೆ ಜಗಲಿ ಮಾತು ಕೇಳಿದರು. ತನ್ನದೇ ಸಮಾಜವನ್ನು ಅಧ್ಯಯನ ಮಾಡಹೊರಟವನಿಗೆ ಪೂರ್ವಗ್ರಹಗಳು ಕಣ್ಣಿಗೆ ಅಡ್ಡ ಬರುತ್ತವೆ ಎಂದು ಬ್ರಿಟನ್ನಿನ ಎಡ್ಮಂಡ್ ಲೀಚ್ ವಾದಿಸಿದಾಗ ಶ್ರೀನಿವಾಸ್ ಒಪ್ಪಲಿಲ್ಲ, ಅದು ಆಗತಕ್ಕ ಕೆಲಸ, ಮಾಡಲೇಬೇಕಾದ ಕೆಲಸ ಎಂದರು. ಕಷ್ಟದ ಮಟ್ಟಿಗೆ ನಾನು ಲೀಚ್ ಕಡೆ. ಫಲದ ಮಟ್ಟಿಗೆ ಶ್ರೀನಿವಾಸರ ಕಡೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಸ್ಥೆಗೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ, ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬಂತು. ನೋಟ್ಸು ಕಳೆದುಹೋಯಿತು, ಪರೀಕ್ಷೆ ಹೇಗೆ ಬರೆಯಲಿ ಎಂದು ಗೋಳಾಡುವವರಿಗೆ ಈ ಶಾಸ್ತ್ರದಲ್ಲಿ ಇದಕ್ಕಿಂತ ಸಮಾಧಾನದ, ಇದಕ್ಕಿಂತ ಮುಜುಗರದ ಕಥೆ ಇನ್ನೊಂದು ಸಿಗಲಾರದು.

ಉಳಿದದ್ದು ಇನ್ನೊಂದು ಆಕ್ಷೇಪ, ಸ್ವಲ್ಪ ತೂಕದ್ದು. ಈ ಕೋರ್ಸು ಹುಡುಗರ ಬಾಯಿರುಚಿ ಕೆಡಿಸುತ್ತದೆ, ಮದುವೆಗೆ ಹೋದರೆ ಒಳವಿವಾಹ ಕಾಣುತ್ತಾರೆ, ಜಾತ್ರೆಗೆ ಹೋದರೆ ಸಾಮಾಜಿಕ ಐಕಮತ್ಯ ಕಾಣುತ್ತಾರೆ, ಹೋಳಿಗೆ ಕಾಣುವುದಿಲ್ಲ ಎನ್ನುತ್ತಾರೆ. ಮೊದಲ ಎರಡು ಸೆಮಿಸ್ಟರ್ ಇದು ನಿಜ. ಹೊಸ ಸೈಕಲ್ ಬಂದವನು ಎರಡು ಮನೆ ಆಚೆಗೂ ಸೈಕಲ್ಲಿನಲ್ಲೇ ಹೋಗುವ ಹಾಗೆ, ಅಪ್ಪ ಗದರಿದರೆ 'ಇದು ಪಿತೃಪ್ರಧಾನ ವ್ಯವಸ್ಥೆ' ಎಂದು ಹೇಳಿ ಎರಡನೆಯ ಬೈಗುಳಕ್ಕೆ ಪಾತ್ರರಾಗುತ್ತಾರೆ. ಆದರೆ ಅಪ್ಪ ಕೆಟ್ಟವನಲ್ಲ, ಅವನ ಬಾಯಿಂದ ಅವನ ಅಪ್ಪ, ಆ ಅಪ್ಪನ ಊರು ಮಾತಾಡುತ್ತಿದೆ ಎಂಬುದು ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಕೆಲವರಿಗಾದರೂ ಹೊಳೆಯುತ್ತದೆ. ಅಷ್ಟು ಹೊಳೆದವರು ಹೋಳಿಗೆಯನ್ನು ಬಿಡುವುದಿಲ್ಲ. ಅಡುಗೆಮನೆಯಲ್ಲಿ ಬೆಳಗಿನಿಂದ ನಿಂತು ಅದನ್ನು ತಟ್ಟಿದವರು ಯಾರು, ಕೊನೆಯ ಪಂಕ್ತಿಯಲ್ಲಿ ಕೂರುವವರು ಯಾರು ಎಂಬುದನ್ನೂ ಗಮನಿಸುತ್ತಾರೆ, ಅಷ್ಟೆ. ಉದ್ಯೋಗ ಸಿಗುತ್ತದೆಯೇ ಎನ್ನುವವರಿಗೆ ಒಂದೇ ಮಾತು: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದನ್ನು ಐಚ್ಛಿಕವಾಗಿ ತಗೊಂಡರೆ ಎರಡು ಪತ್ರಿಕೆ, 500 ಅಂಕ. 'ಓದೋದೇ ಬೇಡ' ಎಂದ ಸೀನಿಯರಿಗೆ ಅಲ್ಲಿ ಎಷ್ಟು ಬಂತು ಎಂದು ವಿಚಾರಿಸಿ ನೋಡಬಹುದು.

ಓದುಗರಲ್ಲಿ ಒಂದು ಬಿನ್ನಹ. ಈ ಸಲ ಯಾವುದಾದರೂ ಭಾನುವಾರ ಬೆಳಿಗ್ಗೆ, ಬಿಸಿಲಲ್ಲಿ ಬೆವರುತ್ತ ಹುಡುಗಿಯೊಬ್ಬಳು ನಿಮ್ಮ ಗೇಟಿನ ಹತ್ತಿರ ನಿಂತು, ಹದಿನಾಲ್ಕು ಪುಟದ ಪ್ರಶ್ನಾವಳಿ ಹಿಡಿದು 'ಅಂಕಲ್, ಐದೇ ನಿಮಿಷ' ಎಂದರೆ, ಒಳಗೆ ಕರೆದು ಒಂದು ಲೋಟ ನೀರು ಕೊಡಿ. ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಏಳನೆಯ ಪ್ರಶ್ನೆಗೆ ದಯವಿಟ್ಟು ನಿಜವಾದ ಸಂಬಳ ಹೇಳಿ. ಅವಳು ಯಾವ ಕಾರ್ಡನ್ನೂ ರದ್ದು ಮಾಡುವುದಿಲ್ಲ, ಅವಳಿಗೆ ಬೇಕಾಗಿರುವುದು ಇಂಟರ್ನಲ್ ಮಾರ್ಕ್ಸ್.