ಟೆಸ್ಟರ್ ಕಾಕಾ ಮತ್ತು ಮೂರು ನಿಮಿಷ

ಎಲ್ಲ ಓಣಿಗಳಲ್ಲೂ ಇಂಥವರೊಬ್ಬರು ಇರುತ್ತಾರೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್. ನಿಮ್ಮ ಮಿಕ್ಸಿ ನಿಂತ ಸುದ್ದಿ ನಿಮಗಿಂತ ಮೊದಲು ಅವರಿಗೆ ಗೊತ್ತು. ಕರೆಯಬೇಕಾಗಿಲ್ಲ, ಬರುತ್ತಾರೆ. ಹೋಗಿ ಎನ್ನುವ ಧೈರ್ಯ ನಿಮಗಿಲ್ಲ, ಕೂರುತ್ತಾರೆ. ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸಿಯೂ ಜೋಡಿಸುತ್ತಾರೆ. ಒಂದೆರಡು ಸ್ಕ್ರೂ ಮಾತ್ರ ಉಳಿಯುತ್ತವೆ. "ಕಂಪನಿಯವ್ರು ಹೆಚ್ಚಿಗಿ ಹಾಕಿರ್ತಾರ್ರಿ" ಎಂದು ಅವನ್ನು ನಿಮ್ಮ ಅಂಗೈಗೆ ಪ್ರಸಾದದ ಹಾಗೆ ಹಾಕಿ ಹೋಗುತ್ತಾರೆ. ನಾನು ಕಲಬುರಗಿ ಬಿಡುವ ಹೊತ್ತಿಗೆ ಅಂಥ ಹನ್ನೊಂದು ಸ್ಕ್ರೂ ನನ್ನಲ್ಲಿದ್ದವು.

ನನ್ನ ಪಾಲಿಗೆ ಬಂದವರು ನಮ್ಮ ಮನೆ ಮಾಲಕರೇ. ಹೈಸ್ಕೂಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹಿಂದಿ ಕಲಿಸಿ ನಿವೃತ್ತರಾದವರು. ವಿದ್ಯುತ್ತಿಗೂ ಅವರಿಗೂ ಇದ್ದ ಅಧಿಕೃತ ಸಂಬಂಧವೆಂದರೆ ತಿಂಗಳ ಬಿಲ್ಲು ಕಟ್ಟುವುದು. ಓಣಿಯವರ ಬಾಯಲ್ಲಿ ‘ಟೆಸ್ಟರ್ ಕಾಕಾ’, ಎದುರಿಗೆ ಬರೀ ಕಾಕಾ. ಹಿಂದಿ ವ್ಯಾಕರಣ ಅವರ ರಕ್ತಕ್ಕಿಳಿದಿತ್ತು. ಯಾವ ಯಂತ್ರ ಕೆಟ್ಟರೂ ಮೊದಲು ಅದರ ಲಿಂಗ ನಿರ್ಣಯ. "ಪಂಖಾ ಪುಲ್ಲಿಂಗ ನೋಡ್ರಿ, ಅದಕ್ಕ ಸಪ್ಪಳ ಬಾಳ, ಕೆಲಸ ಕಡಿಮಿ. ಮಶೀನ್ ಸ್ತ್ರೀಲಿಂಗ. ಸಿಟ್ಟು ಮಾಡಿದ್ರ ನಡೆಯೂದಿಲ್ಲ, ರಮಿಸಬೇಕು."

ನಾನು ಮೈಸೂರಿನವನು, ವರ್ಗವಾಗಿ ಹೋದದ್ದು ಏಪ್ರಿಲ್‌ನಲ್ಲಿ. ಕಾಕಾ ಕೆಳಗೆ, ನಾನು ಮೇಲೆ, ನನ್ನ ಮೇಲೆ ಆರ್‌ಸಿಸಿ ತಾರಸಿ, ಅದರ ಮೇಲೆ ನೇರ ಸೂರ್ಯ. ನಲವತ್ತು ಡಿಗ್ರಿ ದಾಟಿದ ದಿನ ರಾತ್ರಿ ಹನ್ನೊಂದಾದರೂ ನೆಲದ ಶಹಾಬಾದ್ ಕಲ್ಲು ಬರಿಗಾಲಿಗೆ ಬೆಚ್ಚಗೆ ತಾಗುತ್ತಿತ್ತು. ಸಾಲ ಮಾಡಿ ಒಂದೂವರೆ ಟನ್ನಿನ ಎಸಿ ತಂದೆ. ಇಬ್ಬರು ಹುಡುಗರು ಅದನ್ನು ಹೊತ್ತು ಮೆಟ್ಟಿಲೇರುವುದನ್ನು ನೋಡಿದ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು. "ಇಬ್ಬರು ಹೊರೂದು ಒಂದೂವರಿ ಟನ್ ಹ್ಯಾಂಗ ಆಗ್ತದರಿ? ತೂಕದಾಗ ಮೋಸ ಅದ." ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ತಂಪಿಗೆ ಒಂದು ಟನ್ ಎನ್ನುತ್ತಾರೆಂದು ಆಮೇಲೆ ಓದಿ ತಿಳಿದುಕೊಂಡೆ. ಹಾಗೆಯೇ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಈ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಉಬ್ಬುತ್ತಿದ್ದ ಕಾಗದಕ್ಕಾಗಿ ಎಂಬುದನ್ನೂ ಓದಿ ಕಾಕಾರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಮೇ ತಿಂಗಳಾಗ ಉತ್ತರಪತ್ರಿಕಿ ತಿದ್ದೋ ಮುಂದ ನಮಗ್ಯಾಕ ಎಸಿ ಹಾಕಲಿಲ್ಲ? ಅವೂ ಕಾಗದಾನೇ ಅಲ್ಲ? ಎಷ್ಟು ಪೇಪರಿನ ಮ್ಯಾಲ ನನ್ನ ಬೆವರು ಬಿದ್ದದ!"

ಮರುವರ್ಷದ ಮೇ ತಿಂಗಳ ಒಂದು ಮಧ್ಯಾಹ್ನ ಎಸಿ ಮುಷ್ಕರ ಹೂಡಿತು. ಪೂರ್ತಿ ನಿಂತಿದ್ದರೆ ಕಂಪನಿಗೆ ಫೋನ್ ಮಾಡುತ್ತಿದ್ದೆ. ದೀಪ ಉರಿಯುತ್ತಿದೆ, ಗಾಳಿ ಬರುತ್ತಿದೆ, ರೆಕ್ಕೆ ಮೇಲೆ ಕೆಳಗೆ ಆಡುತ್ತಿದೆ, ತಂಪು ಮಾತ್ರ ಇಲ್ಲ. ಕಚೇರಿಯಲ್ಲಿ ನಾನಿರುವ ಹಾಗೆಯೇ. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳಿತು.

ಕಾಕಾ ಎಸಿಯ ಕೆಳಗೆ ನಿಂತು, ಕಣ್ಣು ಮುಚ್ಚಿ, ಗಾಳಿಗೆ ಮುಖ ಒಡ್ಡಿ ತೀರ್ಪು ಕೊಟ್ಟರು. "ಗ್ಯಾಸ್ ಹೋಗ್ಯಾದ. ಗ್ಯಾಸ್ ಸ್ತ್ರೀಲಿಂಗ. ಬ್ಯಾಸರ ಆದ್ರ ಹೇಳದ ಕೇಳದ ತವರಿಗಿ ಹೋಗಿಬಿಡ್ತದ." ಕೆಳಗಿನಿಂದ ಅವರ ಹೆಂಡತಿ ಕಾಕು ಕೂಗಿದರು: "ನಲವತ್ತು ವರ್ಷದಿಂದ ನಾ ಹೋಗಿಲ್ಲಲ್ಲ, ಅದಾ ತಪ್ಪಾಗ್ಯಾದ!"

ಆಮೇಲೆ ಚಿಕಿತ್ಸೆ. ಕಾಕಾರ ವೈದ್ಯದಲ್ಲಿ ಒಂದೇ ಔಷಧ: ಬಂದ್ ಮಾಡಿ ಚಾಲೂ ಮಾಡುವುದು. ಹೊಸ ಎಸಿಗಳನ್ನು ಕಾರ್ಖಾನೆಯಲ್ಲೇ 24 ಡಿಗ್ರಿಗೆ ಹೊಂದಿಸಿ ಕಳಿಸಬೇಕೆಂದು 2020ರ ಜನವರಿಯಿಂದ ಸರಕಾರದ ನಿಯಮವಿದೆ. ಕಾಕಾರಿಗೆ ಅದರಲ್ಲಿ ಸರಕಾರದ ಜಿಪುಣತನ ಕಂಡಿತ್ತು. 24ರಿಂದ 16ಕ್ಕೆ ಎಂಟು ಸಲ ಒತ್ತುವುದು, ಎಂಟು ಸಲ ಬೀಪ್. ಸ್ವಲ್ಪ ಕಾಯುವುದು. "ಇಲ್ಲ, ಬರ್ಲಿಲ್ಲ." ಬಂದ್. ಚಾಲೂ. ಮತ್ತೆ ಎಂಟು ಬೀಪ್.

ಇಲ್ಲೊಂದು ಸೂಕ್ಷ್ಮವಿದೆ, ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೊರಗಿನ ಡಬ್ಬಿಯಲ್ಲಿರುವ ಕಂಪ್ರೆಸರ್ ಒಮ್ಮೆ ನಿಂತರೆ ಕೊಳವೆಯ ಎರಡೂ ಕಡೆಯ ಒತ್ತಡ ಸಮನಾಗುವ ತನಕ ಮತ್ತೆ ಹೊರಡಬಾರದು. ಅದಕ್ಕೆಂದೇ ಯಂತ್ರ ಸುಮಾರು ಮೂರು ನಿಮಿಷ ತಡೆದು ಆಮೇಲೆ ಅದನ್ನು ಓಡಿಸುತ್ತದೆ. ಕಾಕಾರ ತಾಳ್ಮೆ ಎರಡೂವರೆ ನಿಮಿಷದ್ದು. ಹೀಗಾಗಿ ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಆ ಬಡಪಾಯಿ ಕಂಪ್ರೆಸರ್ ಪ್ರತಿ ಸಲ ಇನ್ನೇನು ಹೊರಡಬೇಕು, ಕಾಕಾ ಬಂದ್ ಮಾಡುತ್ತಿದ್ದರು. ನಾನೇನು ಮಾಡುತ್ತಿದ್ದೆ? ಪದವೀಧರನಾದ ನಾನು ಹಗಲಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.

ಸೋತ ಕಾಕಾ ಕಿಟಕಿಗಳನ್ನೆಲ್ಲ ತೆರೆದರು. "ಹವಾ ಆಡಬೇಕ್ರಿ." ಅವರು ಆಯುಷ್ಯವೆಲ್ಲ ನೀರಿನ ಕೂಲರ್ ಜೊತೆ ಬಾಳಿದವರು. ಕೂಲರಿಗೆ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ತೇವದಿಂದ ಬೇಯುತ್ತದೆ. ಎಸಿಗೆ ಅದೇ ಕಿಟಕಿ ಶತ್ರು. ಅಂದು ನಾನು ಕಲಬುರಗಿಯ ಬಿಸಿಲನ್ನೇ ತಂಪು ಮಾಡಲು ಹೊರಟಿದ್ದೆ, ಮೀಟರು ಮಾತ್ರ ನನ್ನದು.

ಮರುದಿನ ಮೆಕ್ಯಾನಿಕ್ ಹುಡುಗ ಬಂದ. ಮಾತು ದಖನಿ. ಗಾಳಿಗೆ ಕೈ ಹಿಡಿದು, "ಪಂಖಾ ಚಲ್ ರಹಾ, ಮಶೀನ್ ಥಂಡಾ ನಹೀ ಕರ್ ರಹಾ" ಅಂದ.

"ರಹೀ!" ಎಂದರು ಕಾಕಾ. "ಮಶೀನ್ ಸ್ತ್ರೀಲಿಂಗ!"

ಆ ಎರಡು ದಿನದಲ್ಲಿ ಕಾಕಾ ಸರಿಮಾಡಿದ್ದು ಅದೊಂದನ್ನೇ.

ಹುಡುಗ ಮುಂದಿನ ಮುಚ್ಚಳ ಎತ್ತಿ ಒಂದು ಜಾಳಿಗೆ ಎಳೆದ. ಕಂಬಳಿಯಂತೆ ಧೂಳು ಹೊರಬಂತು. "ಫಿಲ್ಟರ್ ಯಾವಾಗ ತೊಳೆದೀರಿ ಸಾರ್?" ಎಸಿಗೂ ಫಿಲ್ಟರ್ ಇದೆ ಎಂಬುದೇ ನನಗೆ ಹೊಸ ಸುದ್ದಿ. ಕಾಕಾ ನನ್ನನ್ನು ನೋಡಿದ ರೀತಿ ಫೇಲಾದ ಹುಡುಗನನ್ನು ನೋಡುವ ರೀತಿಯಾಗಿತ್ತು. ಅವರ ಸಂತೋಷ ಬಹಳ ಹೊತ್ತು ಬಾಳಲಿಲ್ಲ. ಹುಡುಗ ತಾರಸಿಗೆ ಹತ್ತಿದವನು ಅಲ್ಲಿಂದಲೇ ಕೂಗಿದ: "ಈ ತಟ್ಟು ಹಾಕಿದವ್ರು ಯಾರು?"

ಹೊರಗಿನ ಡಬ್ಬಿಗೆ ಸುತ್ತಲೂ ಗೋಣಿತಟ್ಟು ಬಿಗಿದು ಕಟ್ಟಿತ್ತು. ಅದಕ್ಕೆ ದಿನಾ ಎರಡು ಸಲ ನೀರು ಹನಿಸಿದ ಗುರುತೂ ಇತ್ತು. ನನಗೆ ಹೇಳದೆ ಕಾಕಾ ಒಂದು ವಾರದಿಂದ ಈ ಸೇವೆ ನಡೆಸಿದ್ದರು. "ಬಿಸಿಲಾಗ ನಿಂತದಲ್ಲಪ್ಪ, ಅದಕ್ಕೂ ಝಳ ಆಗ್ತದಲ್ಲ." ಕೂಲರಿಗೆ ಹುಲ್ಲಿನ ತಟ್ಟಿ ಒದ್ದೆ ಮಾಡಿದರೆ ತಂಪು, ಇದಕ್ಕೂ ಹಾಗೇ ಎಂಬ ಲೆಕ್ಕ. ಕೋಣೆಯ ಶಾಖವನ್ನು ಹೊತ್ತು ತಂದು ಹೊರಗೆ ಊದುವ ಯಂತ್ರದ ಬಾಯಿಗೆ ಅವರು ಪ್ರೀತಿಯಿಂದ ಬಟ್ಟೆ ತುರುಕಿದ್ದರು.

"ಗ್ಯಾಸು?" ಎಂದರು ಕಾಕಾ, ಸಣ್ಣ ದನಿಯಲ್ಲಿ.

"ಇದು ಒಲಿ ಸಿಲಿಂಡರ್ ಅಲ್ಲ ಕಾಕಾ, ಉರದು ಮುಗೀಲಿಕ್ಕ. ತಾಮ್ರದ ಪೈಪಿನಾಗ ಅಲ್ಲೇ ತಿರಗ್ತದ. ಕಡಿಮಿ ಆಗ್ಯಾದ ಅಂದ್ರ ಎಲ್ಲೋ ಸೋರ್ತದ ಅಂತ. ಮೊದಲ ಸೋರೂದು ಹುಡುಕಬೇಕು, ಆಮ್ಯಾಲ ತುಂಬಬೇಕು."

ಹುಡುಗ ತಟ್ಟು ಬಿಚ್ಚಿದ, ಕಾಯಿಲಿಗೆ ನೀರು ಹೊಡೆದು ತೊಳೆದ, ಕಿಟಕಿ ಮುಚ್ಚಿಸಿ ಎಸಿ ಹಚ್ಚಿದ. ಕಾಕಾರ ಕೈ ರಿಮೋಟಿನ ಕಡೆ ಹೊರಟಿತು. ಹುಡುಗ ಅದನ್ನೆತ್ತಿ ತನ್ನ ಜೇಬಿಗಿಟ್ಟುಕೊಂಡ. "ಮೂರು ನಿಮಿಷ ಕುಂದ್ರಿ ಕಾಕಾ. ಯಾರೂ ಮುಟ್ಟಬ್ಯಾಡ್ರಿ."

ನಾವು ಮೂವರೂ ಕೂತೆವು. ಏನನ್ನೂ ಮುಟ್ಟದೆ ಕಾಕಾ ಕೂತದ್ದನ್ನು ನಾನು ನೋಡಿದ್ದು ಆಗಲೇ. ಕೈಗಳಿಗೆ ಏನು ಮಾಡಬೇಕೋ ತಿಳಿಯದೆ ಅವು ಮಂಡಿಯ ಮೇಲೆ ಮಲಗಿದ್ದವು. ಒಂದು ನಿಮಿಷವಾದ ಮೇಲೆ, ಯಾರನ್ನೂ ನೋಡದೆ ಅಂದರು: "ಪುಣೆದಾಗ ಮಗನ ಮನ್ಯಾಗ ಮೂರು ಎಸಿ ಅದಾವ್ರಿ. ಒಂದಕ್ಕೂ ಕೈ ಹಚ್ಚಲಿಕ್ಕ ಬಿಡಲ್ಲ. ನೀವು ಸುಮ್ಮ ಕುಂದರ್ರಿ ಅಪ್ಪಾ, ಅಂತಾನ."

ಹೊರಗೆ ಗುಂಯ್ ಎಂದಿತು. ಹುಡುಗ ಕಾಕಾರನ್ನು ತಾರಸಿಗೆ ಕರೆದೊಯ್ದು ಅವರ ಕೈಯನ್ನು ಹೊರಡಬ್ಬಿಯ ಗಾಳಿಗೆ ಹಿಡಿಸಿದ. "ಹೊರಗ ಹಿಂಗ ಬಿಸಿ ಬಂತಂದ್ರ ಒಳಗ ತಂಪು ಆಗ್ಲಿಕತ್ಯಾದ ಅಂತ ತಿಳಕೋರಿ." ದಪ್ಪ ಪೈಪಿನ ಬುಡ ಬೆವರತೊಡಗಿತ್ತು. ಕಾಕಾ ಅದನ್ನು ಮುಟ್ಟಿ ಮಗುವಿನಂತೆ ನಕ್ಕರು. ಮೆಟ್ಟಿಲು ಇಳಿಯುವಷ್ಟರಲ್ಲಿ ಚೇತರಿಸಿಕೊಂಡು, "ನಿನ್ನಿ ನಾ ಅರ್ಧ ಮಾಡಿದ್ದೆ, ಇವ ಪೂರ್ತಿ ಮಾಡಿದ" ಎಂದು ಕಾಕುಗೆ ವರದಿಯನ್ನೂ ಒಪ್ಪಿಸಿದರು.

ಬೈಯುವುದಕ್ಕೆಂದು ಬರೆಯಲು ಕೂತವನು ನಾನು. ಆದರೆ ಆ ಮಳೆಗಾಲದಲ್ಲಿ ನನಗೆ ಜ್ವರ ಬಂದಾಗ, ಗುರುತಿನವರಿಲ್ಲದ ಊರಿನಲ್ಲಿ, ಎರಡು ರಾತ್ರಿ ಮೂರು ತಾಸಿಗೊಮ್ಮೆ ಮೇಲೆ ಬಂದು ಥರ್ಮಾಮೀಟರ್ ಇಟ್ಟವರು ಅವರೇ. ಅದನ್ನೂ ಹೊತ್ತು ತುಂಬುವ ಮೊದಲೇ ತೆಗೆದು ನೋಡುತ್ತಿದ್ದರು, ಅದು ಬೇರೆ ಮಾತು. ಯಾವುದನ್ನೂ ಸುಮ್ಮನೆ ಬಿಡಲಾರದ ಮನುಷ್ಯ ನನ್ನನ್ನೂ ಸುಮ್ಮನೆ ಬಿಟ್ಟಿರಲಿಲ್ಲ. ಈಗ ಬೆಂಗಳೂರಿನಲ್ಲಿ ಎಸಿ ಕೆಟ್ಟರೆ ಮೊಬೈಲ್ ಒತ್ತುತ್ತೇನೆ, ಹುಡುಗ ಬರುತ್ತಾನೆ, ಅರ್ಧ ಗಂಟೆಯಲ್ಲಿ ಹೋಗುತ್ತಾನೆ. ಒಂದು ಸ್ಕ್ರೂ ಕೂಡ ಉಳಿಯುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಎಸಿ ಓಡುತ್ತಿದ್ದರೂ ತಂಪು ಕೊಡದಿದ್ದರೆ ಮೊದಲು ರಿಮೋಟ್ ನೋಡಿ, ಅದು ಬರೀ ಫ್ಯಾನಿಗೆ ಹೊರಳಿರಬಹುದು. ಫಿಲ್ಟರ್ ತೊಳೆಯಿರಿ, ಕಿಟಕಿ ಮುಚ್ಚಿ, ಹೊರಗಿನ ಡಬ್ಬಿಗೆ ಉಸಿರಾಡಲು ಜಾಗ ಬಿಡಿ. ಗ್ಯಾಸ್ ಹೋಗಿದೆ ಎಂದು ಯಾರೇ ಹೇಳಲಿ, ಎಲ್ಲಿಂದ ಹೋಯಿತೆಂದು ಕೇಳಿ. ಆಮೇಲೆ ಎಸಿ ಹಚ್ಚಿ ಮೂರು ನಿಮಿಷ ಕಾಯಿರಿ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳಿದರೆ ಬಾಗಿಲು ತೆರೆಯಿರಿ. ರಿಮೋಟ್ ಮಾತ್ರ ಅಡಗಿಸಿಟ್ಟು, ಬಂದವರ ಕೈಗೆ ಒಂದು ಲೋಟ ಮಜ್ಜಿಗೆ ಕೊಡಿ.