ಎಷ್ಟಕ್ಕೆ ತಂದಿರಿ?

ಲೋಕದಲ್ಲಿ ಕುಶಲಪ್ರಶ್ನೆಯ ಬಗೆಗಳು ಹಲವು. ಮಳೆಬೆಳೆಯನ್ನು ವಿಚಾರಿಸುವವರುಂಟು, ಮಕ್ಕಳುಮರಿ ಕ್ಷೇಮವೆ ಎಂದು ಕೇಳುವವರುಂಟು, ಊಟವಾಯಿತೆ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಅಡಗಿಸಿ ಮುಂದೆ ಸಾಗುವವರೂ ಉಂಟು. ಆದರೆ ಎದುರಿಗೆ ಬರುವವನ ಮುಖವನ್ನು ನೋಡದೆ, ಅವನ ಕೈಯಲ್ಲಿ ತೂಗುತ್ತಿರುವ ಚೀಲದ ಮೇಲೆಯೇ ದೃಷ್ಟಿಯನ್ನು ನೆಟ್ಟು, "ಎಷ್ಟಕ್ಕೆ ತಂದಿರಿ?" ಎಂಬ ಏಕೈಕ ಪ್ರಶ್ನೆಯಿಂದ ಸ್ನೇಹ, ಪರಾಮರ್ಶೆ, ಅನುಕಂಪ ಈ ಮೂರನ್ನೂ ಏಕಕಾಲದಲ್ಲಿ ಸಾಧಿಸಬಲ್ಲ ಮಹನೀಯರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಇದ್ದೇ ಇರುತ್ತಾರೆ. ನಮ್ಮ ಬೀದಿಯವರ ಹೆಸರನ್ನು ನಾನು ಬರೆಯುವುದಿಲ್ಲ; ವಾಚಕರು ತಂತಮ್ಮ ಬೀದಿಯವರ ಹೆಸರನ್ನು ಅಲ್ಲಿ ತುಂಬಿಕೊಂಡರೆ ಲೇಖನಕ್ಕೆ ಯಾವ ಲೋಪವೂ ಬರಲಾರದು. ನಾವೆಲ್ಲರೂ ಅವರನ್ನು ರಾಯರೆಂದೇ ಕರೆಯುವುದು.

ರಾಯರು ಸರ್ಕಾರದ ಲೆಕ್ಕಪತ್ರಗಳ ಇಲಾಖೆಯಲ್ಲಿದ್ದುಕೊಂಡು, ಬಹುಕಾಲ ಇತರರ ಖರ್ಚುವೆಚ್ಚಗಳಿಗೆ ಆಕ್ಷೇಪಣೆ ಬರೆದು ವಿಶ್ರಾಂತರಾದವರು. ನಿವೃತ್ತಿ ಎಂಬುದು ಸಂಬಳಕ್ಕೆ ಬಂದೀತೇ ಹೊರತು ಸ್ವಭಾವಕ್ಕೆ ಬಾರದಷ್ಟೆ; ಇಲಾಖೆ ಬಿಟ್ಟ ಮೇಲೆ ಅವರು ಬೀದಿಯನ್ನು ಹಿಡಿದರು. ಬೇಳೆ ಬೆಲ್ಲಾದಿ ಸಕಲ ಪದಾರ್ಥಗಳ ಧಾರಣೆಯೂ ಅವರಿಗೆ ಕಂಠಸ್ಥವಾಗಿದ್ದರೂ ಅವರ ಪಾಂಡಿತ್ಯಕ್ಕೆ ತಕ್ಕ ವಸ್ತು ಬಾಳೆಹಣ್ಣೊಂದೇ. ಬೇಳೆಯ ಬೆಲೆ ಯಾವಾಗಲೋ ಒಮ್ಮೆ ಏರಿ ಏರಿದಲ್ಲಿಯೇ ಕೂರುತ್ತದೆ. ಬಾಳೆಯ ಬೆಲೆಯಾದರೋ ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು, ಶುಕ್ರವಾರಕ್ಕೊಂದು, ಮದುವೆಯ ಮುಹೂರ್ತಕ್ಕೊಂದು ಆಗಿ ಸದಾ ಸಂಚಾರದಲ್ಲಿರುತ್ತದೆ. ಲೆಕ್ಕವನ್ನೇ ಬಾಳಾಗಿ ಮಾಡಿಕೊಂಡವನಿಗೆ ಇದಕ್ಕಿಂತ ಹಿರಿದಾದ ಸುಖವುಂಟೆ?

ಅವರ ಪರೀಕ್ಷಾಕ್ರಮ ಹೀಗೆ. ನೀವು ಬೆಲೆ ಹೇಳುತ್ತೀರಿ. ರಾಯರು ಮಾತಾಡುವುದಿಲ್ಲ. ಚೀಲದಿಂದ ಚಿಪ್ಪನ್ನು ತಾವೇ ಹೊರತೆಗೆದು, ಕನ್ನಡಕವನ್ನು ಹಣೆಗೇರಿಸಿ, ತೊಟ್ಟನ್ನು ನೋಡಿ, ಹಣ್ಣಿನ ಏಣನ್ನು ಹೆಬ್ಬೆರಳಿನಿಂದ ಸವರಿ, "ಎಲ್ಲಿ?" ಎನ್ನುತ್ತಾರೆ. ಸ್ಥಳವನ್ನೂ ಹೇಳುತ್ತೀರಿ. "ಹೂಂ. ಹೋಗಲಿ ಬಿಡಿ" ಎಂದು ಚಿಪ್ಪನ್ನು ಹಿಂದಕ್ಕೆ ಕೊಡುತ್ತಾರೆ. ಮೋಸಹೋದಿರಿ ಎಂದು ನೇರವಾಗಿ ಹೇಳಿದ್ದರೆ ವಾದಿಸಬಹುದಾಗಿತ್ತು. ಹಣ್ಣು ಚೆನ್ನಾಗಿಲ್ಲ ಎಂದಿದ್ದರೆ ಸುಲಿದು ಬಾಯಿಗಿಟ್ಟು ಸಮಾಧಾನಪಡಿಸಬಹುದಾಗಿತ್ತು. ಅವರು ಮಾಡುವುದು ಕ್ಷಮೆ, ಕ್ಷಮೆಗೆ ಪ್ರತಿವಾದವಿಲ್ಲ. ಅಪರಾಧವೇನೆಂದು ತಿಳಿಯದೆಯೇ ಕ್ಷಮಾದಾನವನ್ನು ಪಡೆದ ಮನುಷ್ಯನು ಮನೆಗೆ ಹೋಗಿ ಆ ಹಣ್ಣನ್ನು ನೆಮ್ಮದಿಯಿಂದ ಹೇಗೆ ತಿಂದಾನು?

ಹಾಗೆಂದು ಅವರ ವಿದ್ಯೆಯನ್ನು ನಾನು ಹಗುರಾಗಿ ಕಾಣುವವನಲ್ಲ. ಬೆಳಗಿನ ವಾಯುಸಂಚಾರದ ನೆಪದಲ್ಲಿ ಅವರು ಮೊದಲು ಹೋಗಿ ನಿಲ್ಲುವುದು ಹಾಪ್‌ಕಾಮ್ಸ್ ಮಳಿಗೆಯ ದರಫಲಕದ ಎದುರಿಗೆ. 1959ರಲ್ಲಿ ತೋಟಗಾರಿಕಾ ತಜ್ಞ ಮರಿಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಬೆಳೆಯುವವನಿಗೂ ತಿನ್ನುವವನಿಗೂ ನಡುವಣ ದೂರವನ್ನು ಕಡಮೆ ಮಾಡಹೊರಟ ಆ ಸಂಸ್ಥೆಯ ಫಲಕವು ಅವರಿಗೆ ಪ್ರಮಾಣಗ್ರಂಥ. ಹಬ್ಬದ ಮುನ್ನ ಕೋಳಿ ಕೂಗುವ ಹೊತ್ತಿಗೆ ಹೋಗಿ ಬರುವ ಬಿನ್ನಿಪೇಟೆಯ ಬಾಳೆಮಂಡಿಯು ತೀರ್ಥಕ್ಷೇತ್ರ. ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲದೆ ಏಲಕ್ಕಿಬಾಳೆ ನೆಲಕ್ಕಿಳಿಯುವುದನ್ನೂ, ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿಯ ವ್ರತ ಹತ್ತಿರವಾದೊಡನೆ ಅದೇ ಹಣ್ಣು ಕೆ.ಜಿ.ಗೆ 100 ರೂಪಾಯಿಯ ಗಡಿಯನ್ನು ದಾಟುವುದನ್ನೂ, ಚಳಿಗಾಲದಲ್ಲಿ ಶಬರಿಮಲೆಗೆ ಹೊರಟ ಮಾಲಾಧಾರಿಗಳು ಏರಿಸಿದ ಬೇಡಿಕೆಯನ್ನು ಮಕ್ಕಳಿಗೆ ಶೀತವಾದೀತೆಂಬ ತಾಯಂದಿರ ಭಯವು ಒಂದಿಷ್ಟು ತಗ್ಗಿಸುವುದನ್ನೂ ಅವರು ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತುಮಾಡಿಟ್ಟಿದ್ದಾರೆ. ತಿಥಿ ವಾರ ನಕ್ಷತ್ರ ಯೋಗ ಕರಣಗಳ ಪಕ್ಕದಲ್ಲಿ ಆರನೆಯ ಅಂಗವಾಗಿ ಧಾರಣೆಯೂ ಇರತಕ್ಕದ್ದೆಂಬುದು ಅವರ ಅಭಿಪ್ರಾಯ.

"ಇವತ್ತಿನ ಬೆಲೆಯನ್ನ ಇವತ್ತು ಯಾರೂ ಕಟ್ಟೋದಿಲ್ಲ ಸ್ವಾಮಿ, ಹೋದ ವರ್ಷವೇ ಕಟ್ಟಿ ಆಗಿರುತ್ತೆ" ಎಂದು ಅವರು ಹೇಳುವುದುಂಟು. ಈ ಮಾತು ನಿಜ. ಬಾಳೆಯ ಕಂದು ನೆಟ್ಟ ದಿನದಿಂದ ಗೊನೆ ಕೊಯ್ಯುವ ದಿನಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ಒಂದು ಶ್ರಾವಣದಲ್ಲಿ ಬೆಲೆ ಏರಿತೆಂದು ಕೇಳಿ ತುಮಕೂರು, ರಾಮನಗರ, ಗಡಿಯಾಚೆಯ ಹೊಸೂರು, ಕೃಷ್ಣಗಿರಿಗಳ ಕಡೆಯ ರೈತರು ಒಟ್ಟಾಗಿ ಕಂದು ನೆಟ್ಟರೆಂದರೆ, ಮರುವರ್ಷ ಗೊನೆಗಳೆಲ್ಲ ಒಟ್ಟಾಗಿಯೇ ಮಂಡಿಗೆ ಬಂದು ಬೀಳುತ್ತವೆ. ಬೆಲೆಯೂ ಅವುಗಳ ಜೊತೆಗೆ ಬೀಳುತ್ತದೆ. ಕೈ ಸುಟ್ಟುಕೊಂಡವರು ಬೇರೆ ಬೆಳೆಗೆ ತಿರುಗಿದರೆ ಅದರ ಮುಂದಿನ ವರ್ಷ ಮತ್ತೆ ಅಭಾವ. ಇದರ ನಡುವೆ ಮುಂಗಾರಿಗೆ ಮೊದಲು, ಏಪ್ರಿಲ್-ಮೇ ತಿಂಗಳಿನಲ್ಲಿ, ಬೀಸುವ ಬಿರುಗಾಳಿಗೆ ಗೊನೆ ಹೊತ್ತ ಗಿಡಗಳು ಸೊಂಟ ಮುರಿದು ಮಲಗಿದವೆಂದರೆ ಎಲ್ಲ ಲೆಕ್ಕವೂ ತಲೆಕೆಳಗು. ವೃತ್ತಪತ್ರಿಕೆಯಲ್ಲಿ ಅಂಥ ತೋಟದ ಚಿತ್ರ ಬಂದಾಗ ನಾವು ಅಯ್ಯೋ ಪಾಪ ಎನ್ನುತ್ತೇವೆ. ರಾಯರು ದಿನಾಂಕವನ್ನು ನೋಡಿ, "ಗಣೇಶನ ಹಬ್ಬಕ್ಕೆ ಏರುತ್ತೆ" ಎನ್ನುತ್ತಾರೆ. ಏರುತ್ತದೆ ಕೂಡ. ಏರಿದ ಹಣದಲ್ಲಿ ಮುರಿದ ತೋಟದವನಿಗೆ ಸಲ್ಲುವುದೆಷ್ಟು ಎಂಬ ಕಲಮು ಮಾತ್ರ ಅವರ ಪಂಚಾಂಗದಲ್ಲಿಲ್ಲ.

ಗುಣಪರೀಕ್ಷೆಯಲ್ಲಿಯೂ ಅವರು ಸಾಮಾನ್ಯರಲ್ಲ. ಮೈಯೆಲ್ಲ ಏಕರೂಪದ ಹಳದಿಯಾಗಿದ್ದು ತೊಟ್ಟು ಮಾತ್ರ ಹಚ್ಚಗಿದ್ದರೆ ಅದು ಕಾನೂನು ನಿಷೇಧಿಸಿರುವ ಕಾರ್ಬೈಡಿನ ಕೃತ್ಯವೆಂದು ದೂರದಿಂದಲೇ ಶಂಕಿಸುವರು. ಶೀತಲ ಕೊಠಡಿಯಲ್ಲಿ ಎಥಿಲೀನ್ ಅನಿಲವನ್ನು ಹಾಯಿಸಿ ಹಣ್ಣುಮಾಡುವ ಈಗಿನ ಕ್ರಮವನ್ನು, ಆ ಅನಿಲ ಹಣ್ಣು ತಾನೇ ಹೊರಸೂಸುವಂಥದೆಂಬ ಕಾರಣಕ್ಕೆ, ಅರೆಮನಸ್ಸಿನಿಂದ ಒಪ್ಪುವರು. ಆದರೆ ಮುಚ್ಚಿದ ಕೋಣೆಯಲ್ಲಿ ಹೊಗೆಹಾಕಿ ಮಾಗಿಸಿದ ಗೊನೆಗೆ ಇದ್ದ ಪರಿಮಳವನ್ನು ನೆನೆದಾಗ ಅವರ ಕಂಠ ಗದ್ಗದವಾಗುತ್ತದೆ. ಪಚ್ಚಬಾಳೆಯನ್ನು ಅವರು ಹಣ್ಣೆಂದು ಗಣಿಸುವುದಿಲ್ಲ. "ಅದು ಹಣ್ಣಲ್ಲ, ತೂಕ" ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಇನ್ನು ನಂಜನಗೂಡು ರಸಬಾಳೆಯ ವಿಷಯ. ಪನಾಮಾ ಸೊರಗುರೋಗಕ್ಕೆ ಸಿಕ್ಕಿ ತನ್ನ ಹುಟ್ಟೂರಿನಲ್ಲಿಯೇ ಅಪರೂಪವಾಗಿ, ಭೌಗೋಳಿಕ ಸೂಚಿಯ ಮುದ್ರೆಯನ್ನು ಪಡೆದ ಮೇಲೂ ಹುಡುಕಿ ತರಬೇಕಾದ ಆ ಹಣ್ಣನ್ನು ಯಾರಾದರೂ ಪ್ರಯಾಸದಿಂದ ತಂದು ಅವರ ಮುಂದಿಟ್ಟರೆ, ಎರಡು ತಿಂದು, ಮೂರನೆಯದನ್ನು ಸುಲಿಯುತ್ತಾ, "ಇದು ಅದಲ್ಲ" ಎನ್ನುತ್ತಾರೆ.

ಇಂತಪ್ಪ ಪುರುಷರ ಎದುರಿನಲ್ಲಿ ಬೀದಿಯ ಜನ ಆತ್ಮರಕ್ಷಣೆಗಾಗಿ ಮಾಡಿಕೊಂಡ ಉಪಾಯವು ಬಹಳ ಸರಳವಾದದ್ದು: ಕೊಟ್ಟ ಬೆಲೆಯಲ್ಲಿ ಹತ್ತು ರೂಪಾಯಿ ತಗ್ಗಿಸಿ ಹೇಳುವುದು. ಇದು ನಡೆದುಬಂದ ಧರ್ಮ. ಇದರಿಂದ ಯಾರಿಗೂ ಹಾನಿಯಿರಲಿಲ್ಲ. ಅನಾಹುತವಾದದ್ದು ನಮ್ಮ ಎದುರುಮನೆಯ ಮೇಷ್ಟರಿಂದ. ಅವರು ಸಾಧುಗಳು, ಸುಳ್ಳು ಹೇಳುವ ಅಭ್ಯಾಸವಿಲ್ಲದವರು, ಆದುದರಿಂದಲೇ ಅದರ ಪ್ರಮಾಣವನ್ನರಿಯದವರು. ವರಮಹಾಲಕ್ಷ್ಮಿಯ ಹಿಂದಿನ ಸಂಜೆ ಕೆ.ಜಿ.ಗೆ 120 ಕೊಟ್ಟು ಏಲಕ್ಕಿಬಾಳೆಯನ್ನು ಹಿಡಿದು ತರುತ್ತಿದ್ದಾಗ ರಾಯರು ಅಡ್ಡಗಟ್ಟಿ ಕೇಳಲು, ಗಾಬರಿಯಲ್ಲಿ, "ಅರವತ್ತು" ಎಂದುಬಿಟ್ಟರು.

ರಾಯರು ಚಿಪ್ಪನ್ನು ನೋಡಿದರು. ತೊಟ್ಟು ಸರಿಯಾಗಿತ್ತು, ಏಣು ತುಂಬಿತ್ತು. ಅವರ ಬಾಯಿಂದ ಕ್ಷಮಾವಾಕ್ಯ ಹೊರಡಲಿಲ್ಲ. ನೇರವಾಗಿ ತಿರುವಿನಲ್ಲಿದ್ದ ತಳ್ಳುಗಾಡಿಯ ಬಳಿಗೆ ಹೋಗಿ, "ಏನಮ್ಮಾ, ಅರವತ್ತಕ್ಕೆ ಸಿಗೋದನ್ನ ನೂರಿಪ್ಪತ್ತು ಅಂತೀಯಲ್ಲ, ದೇವರು ಮೆಚ್ಚುತ್ತಾನೆಯೆ?" ಎಂದರು.

"ಯಾರ್ ಕೊಟ್ರು ಸಾಮಿ? ಆ ಅಂಗ್ಡಿ ತೋರ್ಸಿ, ಇರೋ ಬರೋದೆಲ್ಲಾ ನಾನೇ ಕೊಂಡ್ಕೊಂಡು ಇಲ್ ತಂದು ಮಾರ್ತೀನಿ" ಎಂದಳು ಆಕೆ. ತರ್ಕದೃಷ್ಟಿಯಿಂದ ಇದಕ್ಕೆ ಉತ್ತರವಿರಲಿಲ್ಲ.

ಮರುದಿನ ನಸುಕಿನಲ್ಲಿ ರಾಯರು ಬಿನ್ನಿಪೇಟೆಗೆ ಹೋದರು. ಅಲ್ಲಿ ಸಗಟು ಧಾರಣೆಯೇ ಅರವತ್ತನ್ನು ಎಷ್ಟೋ ಮೀರಿತ್ತು. ಇನ್ನೊಬ್ಬರಾಗಿದ್ದರೆ ಮೇಷ್ಟರು ಸುಳ್ಳಾಡಿದರೆಂದು ತಿಳಿಯುತ್ತಿದ್ದರು. ರಾಯರಿಗಾದರೋ ಬೆಲೆಯ ವಿಷಯದಲ್ಲಿ ಮನುಷ್ಯರು ಸುಳ್ಳಾಡಬಹುದೆಂಬ ಕಲ್ಪನೆಯೇ ಇರಲಿಲ್ಲ, ಏಕೆಂದರೆ ಅದು ಅವರಿಗೆ ದೇವರ ವಿಷಯವಾಗಿತ್ತು. ಹಬ್ಬದ ದಿನ ಬೆಳಗ್ಗೆ ಮೇಷ್ಟರ ಮನೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಎಂದೂ ಇಲ್ಲದ ವಿನಯದಿಂದ, "ಮೇಷ್ಟ್ರೇ, ತಮ್ಮ ಮೂಲ ಯಾವುದು ಅಂತ ತಿಳಿಯಬಹುದೆ?" ಎಂದು ಕೇಳಿದರು. ಒಂದು ಸುಳ್ಳಿಗೆ ಮತ್ತೊಂದನ್ನು ಊರೆಗೊಡಬೇಕಾಗಿ ಬಂದು, ತುಮಕೂರಿನ ಕಡೆ ತೋಟವಿರುವ ಹಳೆಯ ಶಿಷ್ಯನೊಬ್ಬನು ಆ ಕ್ಷಣದಲ್ಲಿ ಜನ್ಮತಾಳಿದನು. "ಹಾಗಾದರೆ ನಮ್ಮ ಮನೆಗೂ ವಾರಕ್ಕೆ ಎರಡು ಕೆ.ಜಿ. ತರಿಸಿಕೊಡಿ" ಎಂದು ರಾಯರು 120 ರೂಪಾಯಿಗಳನ್ನು ಎಣಿಸಿ ಮೇಜಿನ ಮೇಲಿಟ್ಟು ಹೊರಟರು.

ಗೌರಿಹಬ್ಬ ಕಳೆದು, ಆಯುಧಪೂಜೆ ಮುಗಿಯುವವರೆಗೂ ಮೇಷ್ಟರು ಪಕ್ಕದ ಬಡಾವಣೆಗೆ ಕದ್ದುಹೋಗಿ ಹಬ್ಬದ ಧಾರಣೆಯಲ್ಲಿ ಹಣ್ಣು ಕೊಂಡು, ರಾಯರಿಗೆ ಅರವತ್ತರಂತೆ ಸಲ್ಲಿಸಿದರು. "ಪಾಠ ಹೇಳಿದವರೂ ನೀವು, ಫೀಜು ಕಟ್ಟೋರೂ ನೀವೇನಾ?" ಎಂದು ಅವರ ಮನೆಯಾಕೆ ಕೇಳಿದರಂತೆ. ಇತ್ತ ಬೀದಿಗೆ ಬಿಡುಗಡೆಯಾಯಿತು. ಪರಮಸತ್ಯವು ಕೈಗೆ ಸಿಕ್ಕಿದ ಮೇಲೆ ರಾಯರು ನಮ್ಮ ಚೀಲಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಾವು ನಡುಹಗಲಿನಲ್ಲಿ ಹಣ್ಣು ಹಿಡಿದು ತಲೆಯೆತ್ತಿ ನಡೆಯುತ್ತಿದ್ದೆವು.

ಆದರೆ ಬಾಳೆಯು ಯಾರ ಪಕ್ಷವನ್ನೂ ಬಹುಕಾಲ ವಹಿಸುವುದಿಲ್ಲ. ಆ ಶ್ರಾವಣದ ಬೆಲೆಯನ್ನು ಕಂಡು ನೆಟ್ಟ ಕಂದುಗಳೆಲ್ಲ ಮರುವರ್ಷದ ಆಷಾಢದ ಹೊತ್ತಿಗೆ ಗೊನೆಗಳಾಗಿ ಬಂದವು. ಗಾಳಿಯೂ ಆ ಸಲ ದಯೆತೋರಿತ್ತು. ತಳ್ಳುಗಾಡಿಯವಳು ಮೂವತ್ತೈದೆಂದು ಕೂಗತೊಡಗಿದಳು. ಮೇಷ್ಟರು ಬೆಲೆ ಇಳಿದ ವರ್ತಮಾನವನ್ನು ರಾಯರಿಗೆ ತಿಳಿಸಬೇಕೆಂದು ಹೊರಟಾಗ ಮನೆಯಾಕೆ ಅಡ್ಡ ನಿಂತು, ಹೋದ ವರ್ಷದ ನಷ್ಟವನ್ನು ಬರೆದಿಟ್ಟಿದ್ದ ಚೀಟಿಯನ್ನು ತೋರಿಸಿದರು. ರಾಯರು ಎಂದಿನಂತೆ ಅರವತ್ತು ಕೊಡುತ್ತಿದ್ದರು. ಹಾಪ್‌ಕಾಮ್ಸ್ ಫಲಕವನ್ನು ನಾನೇ ಒಮ್ಮೆ ತೋರಿಸಿದೆ. "ಅದು ಫಲಕದ ಹಣ್ಣು, ಇದು ತೋಟದ ಹಣ್ಣು" ಎಂದರು. ಗಾಡಿಯವಳು ಕರೆದರೆ, "ಮೂವತ್ತೈದಕ್ಕೆ ಕೊಡುವ ಹಣ್ಣಿನಲ್ಲಿ ದೋಷವಿಲ್ಲದೆ ಇದ್ದೀತೆ?" ಎಂದು ಮುಂದೆ ನಡೆದರು. ವಿದ್ವಾಂಸನಿಗೆ ಶ್ರದ್ಧೆ ಹುಟ್ಟಿದರೆ ಅದು ಪಾಮರರ ಶ್ರದ್ಧೆಗಿಂತ ದೃಢವಾಗಿರುತ್ತದೆ.

ಅದೇ ಮಳೆಗಾಲದಲ್ಲಿ ರಾಯರ ಮೊಮ್ಮಗಳು, ತಾತನ ಆರೋಗ್ಯದ ದೃಷ್ಟಿಯಿಂದ, ಅವರನ್ನು ಹವಾನಿಯಂತ್ರಿತವಾದ ಒಂದು ದೊಡ್ಡ ಅಂಗಡಿಗೆ ಕರೆದೊಯ್ದು ಅವಕಾಡೊ ಎಂಬ ಫಲವನ್ನು ತೋರಿಸಿದಳು. ಅದರ ಮೈಮೇಲಿದ್ದ ಸಣ್ಣ ಚೀಟಿಯಲ್ಲಿ 4046 ಎಂಬ ಅಂಕೆಯನ್ನು ಓದಿ, ಅದೇ ಬೆಲೆಯೆಂದು ಭ್ರಮಿಸಿ, ರಾಯರು ಗೋಡೆಗೆ ಒರಗಿದರು. ಅದು ಹಾಸ್ ತಳಿಯ ಸಣ್ಣ ಗಾತ್ರಕ್ಕೆ ಅಂಗಡಿಗಳವರು ಬಳಸುವ ಸಂಕೇತವೆಂದೂ, ಆ ತಳಿಯು ಕ್ಯಾಲಿಫೋರ್ನಿಯದ ರುಡಾಲ್ಫ್ ಹಾಸ್ ಎಂಬ ಅಂಚೆಯವನ ತೋಟದಲ್ಲಿ ಹುಟ್ಟಿ 1935ರಲ್ಲಿ ಪೇಟೆಂಟ್ ಪಡೆಯಿತೆಂದೂ, ಇಲ್ಲಿಗೆ ಬಂದಿರುವ ಕಾಯಿ ಟಾಂಜಾನಿಯಾದ್ದೆಂದೂ ಹುಡುಗಿ ವಿವರಿಸಿದಳು. "ಅಂಚೆಯವನೆ? ಸರ್ಕಾರಿ ನೌಕರ ಅನ್ನು" ಎಂದು ರಾಯರು ಕೊಂಚ ಚೇತರಿಸಿಕೊಂಡರು. ಬೆಲೆಯನ್ನು ಕೇಳಿದ ಮೇಲೆ ಆ ಚೇತರಿಕೆಯೂ ಹೋಯಿತು. ಚೌಕಾಸಿಗೆ ಎದುರಿನಲ್ಲಿ ಮನುಷ್ಯರೇ ಇರಲಿಲ್ಲ, ಒಂದು ಯಂತ್ರವಿತ್ತು. ಕೊಂಡ ಕಾಯಿಯಾದರೋ ಕಲ್ಲಿನಂತಿತ್ತು. ಅದು ಮರದಲ್ಲಿ ಎಷ್ಟು ದಿನ ನಿಂತರೂ ಹಣ್ಣಾಗದೆ ಕಿತ್ತ ಮೇಲೆಯೇ ಮೆದುವಾಗುವ ಜಾತಿಯೆಂದು ತಿಳಿದಾಗ, ರಾಯರು ತಮ್ಮ ಹೊಗೆಮನೆಯ ವಿದ್ಯೆಯನ್ನು ಸ್ಮರಿಸಿ, ಅದನ್ನು ಮಾಗಿದ ಏಲಕ್ಕಿಬಾಳೆಯ ಚಿಪ್ಪಿನೊಡನೆ ಅಕ್ಕಿಡಬ್ಬದಲ್ಲಿ ಹೂತಿಟ್ಟರು. ಬಾಳೆಯ ಉಸಿರು ತಗಲಿ ಪರದೇಶದ ಕಾಯಿ ಬೇಗನೆ ಮಾಗಿತು. ಕತ್ತರಿಸಿ ನೋಡಿದವರೇ, "ಇದು ನಮ್ಮ ಬೆಣ್ಣೆಹಣ್ಣಲ್ಲವೆ!" ಎಂದು ಉದ್ಗರಿಸಿ, ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೇಷ್ಟರಲ್ಲಿಗೆ ಧಾವಿಸಿದರು.

ನಾನು ಆಗ ಅಲ್ಲಿಯೇ ಕುಳಿತಿದ್ದೆ. ದೈವಯೋಗದಿಂದ ಮೇಷ್ಟರ ಭಾವಮೈದುನರಿಗೆ ಚಿಕ್ಕಮಗಳೂರಿನ ಕಡೆ ನಿಜವಾಗಿಯೇ ಕಾಫಿತೋಟವುಂಟು. ಕಾಫಿಗೆ ನೆರಳಾಗಲೆಂದು ಹಿಂದಿನವರು ನಡುನಡುವೆ ಬೆಳೆಸಿದ ಬೆಣ್ಣೆಹಣ್ಣಿನ ಮರಗಳು ಮಳೆಗಾಲ ಹಿಡಿದೊಡನೆ ಮಣಗಟ್ಟಲೆ ಕಾಯಿ ಉದುರಿಸುತ್ತವೆ. ಅಂದು ಬೆಳಗ್ಗೆಯಷ್ಟೆ ಬಸ್ಸಿನ ಮೇಲೆ ಒಂದು ಗೋಣಿಚೀಲ ಬಂದು ಹಜಾರದಲ್ಲಿ ಬಿದ್ದಿತ್ತು. ಬೀಜದಿಂದ ಹುಟ್ಟಿದ ಮರಗಳಾದಕಾರಣ ಒಂದರ ಹಣ್ಣು ಬೆಣ್ಣೆ, ಮತ್ತೊಂದರದು ನೀರು. ಒಂದು ಮುಷ್ಟಿಯಷ್ಟು, ಮತ್ತೊಂದು ಸೋರೆಬುರುಡೆಯಷ್ಟು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗಕೇಂದ್ರದವರು ಉತ್ತಮ ಮರಗಳನ್ನು ಆರಿಸಿ ತಳಿಗಳನ್ನು ಹೊರತಂದಿರುವರಾದರೂ ಈ ಚೀಲದ ಹಣ್ಣುಗಳಿಗೆ ಆ ಸಂಸ್ಕಾರ ತಗಲಿರಲಿಲ್ಲ. ರಾಯರು ಚೀಲದ ಬಾಯನ್ನು ಬಿಡಿಸಿ, ಒಂದೊಂದನ್ನೇ ಎತ್ತಿ, ತೊಟ್ಟನ್ನು ಪರೀಕ್ಷಿಸಿ, ಅಲುಗಾಡಿಸಿ ಬೀಜದ ಸದ್ದನ್ನು ಆಲಿಸಿ, ಬಹಳ ಹೊತ್ತು ಮೌನವಾಗಿದ್ದರು. ಮುಖದಲ್ಲಿ ಹಳೆಯ ಕಳೆ ಮರಳಿತು.

"ಎಷ್ಟಕ್ಕೆ ತಂದಿರಿ?"

ಮೇಷ್ಟರು ಒಮ್ಮೆ ಹೆಂಡತಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಒಂದು ವರ್ಷದಿಂದ ಹೊತ್ತಿದ್ದ ಪಾಪವನ್ನು ಇಳಿಸಿಕೊಳ್ಳುವ ಅವಕಾಶ ಇದೆಂದು ಅವರಿಗೆ ತೋರಿರಬೇಕು.

"ಸುಳ್ಳೇಕೆ ಹೇಳಲಿ ರಾಯರೇ, ಬಿಟ್ಟಿ ಬಂದದ್ದು. ತೋಟದಲ್ಲಿ ಕೊಳೆಯುತ್ತಿರುತ್ತೆ. ನೀವೂ ನಾಲ್ಕು ತೆಗೆದುಕೊಂಡು ಹೋಗಿ."

ರಾಯರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು.

"ಅದು ಸರಿ ಮೇಷ್ಟ್ರೇ, ಆದರೆ ಬಿಟ್ಟಿ ಅಂದರೆ ಕೆ.ಜಿ.ಗೆ ಎಷ್ಟು ಬೀಳುತ್ತೆ?"