ಎಡಿಟರ್ ಪಲ್ಲಟ ವಿರೋಧ ಮೀಮಾಂಸೆ

ಬರೆಯುವವನ ಮುಂದಿನ ಹಲಗೆಯನ್ನು ಅವನನ್ನು ಕೇಳದೆ ಬದಲಿಸಬಹುದೇ ಎಂಬುದು ಈ ಪ್ರಬಂಧದ ವಿಷಯ. ಇದನ್ನು ಓದಲು ಅಧಿಕಾರಿ, ಜಾಲತಾಣಕ್ಕೆ ಬರೆದು ಬೆರಳು ಸವೆಸಿದವನು. ಪ್ರಯೋಜನ ಏನೂ ಇಲ್ಲ, ಆಗಬೇಕಾದ್ದು ಆಗಿಹೋಗಿದೆ. 2018ರ ಡಿಸೆಂಬರ್ 6ರಂದು ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ 5.0 ಆವೃತ್ತಿ ಹೊರಬಂತು. ಆಗ ಜಗತ್ತಿನ ಜಾಲತಾಣಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಆ ತಂತ್ರಾಂಶದ ಮೇಲೆಯೇ ನಡೆಯುತ್ತಿತ್ತು. ಅಲ್ಲಿಯವರೆಗೆ ಲೇಖಕನಿಗಿದ್ದದ್ದು ಒಂದು ಖಾಲಿ ಚೌಕ, ಅದರ ನೆತ್ತಿಯ ಮೇಲೆ ಒಂದೆರಡು ಸಾಲು ಗುಂಡಿ. ಗುಟೆನ್‌ಬರ್ಗ್ ಎಂಬ ಹೊಸ ಎಡಿಟರಿನಲ್ಲಿ ಪ್ಯಾರಾ ಒಂದು ಬ್ಲಾಕು, ಚಿತ್ರ ಇನ್ನೊಂದು, ಪಟ್ಟಿ ಮತ್ತೊಂದು. ಎಂಟರ್ ಒತ್ತಿದರೆ ಹೊಸ ಬ್ಲಾಕು ಹುಟ್ಟುತ್ತದೆ. ಗುಂಡಿಗಳು ಕರ್ಸರ್ ಹೋದಲ್ಲೆಲ್ಲ ಬೆನ್ನು ಹತ್ತುತ್ತವೆ. ಇಡೀ ಪುಟವನ್ನು ಮರದಲ್ಲಿ ಕೆತ್ತುವ ಕಷ್ಟ ತಪ್ಪಿಸಿ, ಬಿಡಿ ಅಚ್ಚಿನ ಮೊಳೆ ಜೋಡಿಸಿದ ಮಹನೀಯನ ಹೆಸರನ್ನು ಪ್ಯಾರಾಗಳನ್ನು ಪೆಟ್ಟಿಗೆಗೆ ಹಾಕುವ ಯಂತ್ರಕ್ಕೆ ಇಟ್ಟವರ ಧೈರ್ಯ ದೊಡ್ಡದು.

ಇದು ಬಲವಂತವೆಂಬುದಕ್ಕೆ ಪ್ರಮಾಣವೇನು? ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ಅವನು ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಕಲ್ಪಿಸುತ್ತಾರೆ. ಹೊಸ ಎಡಿಟರ್ ಎಲ್ಲರ ಹಿತಕ್ಕೆಂದೇ ಬಂದದ್ದು. ಆದರೂ ಅದನ್ನು ತಂದವರೇ ಹಳೆಯ ಚೌಕವನ್ನು ಮರಳಿಸುವ ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ನನ್ನೂ ಒದಗಿಸಿದರು, ಅದು ಐವತ್ತು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ನೆಲೆಯೂರಿತು. ಎಲ್ಲರಿಗೂ ಹಿತವಾದದ್ದರಿಂದ ಪಾರಾಗಲು ಇಷ್ಟು ಜನ ಸಾಲುಗಟ್ಟಿದರೆಂದರೆ ರಾತ್ರಿ ಊಟ ನಡೆದಿದೆ. ಪಾಪ ಮಾಡುವ ಮೊದಲೇ ಪ್ರಾಯಶ್ಚಿತ್ತದ ಸಾಮಗ್ರಿ ಅಣಿಗೊಳಿಸಿದವನಿಗೆ ಪಾಪದ ಅರಿವಿರಲಿಲ್ಲವೆಂದು ಯಾವ ಸ್ಮೃತಿಕಾರನೂ ಒಪ್ಪಲಾರ.

ಹಳಬರಿಗೆ ಹೊಸದು ಕಂಡರಾಗದು, ಅಷ್ಟೇ, ಎಂದು ಪೂರ್ವಪಕ್ಷ. ಇದು ಸಲ್ಲದು. ಕನ್ನಡದವರು ಹಳೆಯ ಫಾಂಟುಗಳಿಂದ ಯುನಿಕೋಡಿಗೆ ಬಂದಾಗ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯ ಕೀಲಿಗಳು ಇದ್ದಲ್ಲೇ ಇದ್ದವು. ಒಳಗಿನ ಸಂಕೇತಗಳೆಲ್ಲ ಬದಲಾದರೂ ಬೆರಳು ಹಾದಿ ತಪ್ಪಲಿಲ್ಲ. ಕೈಕಸುಬಿನಲ್ಲೂ ಹೀಗೆಯೇ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ಕಸುಬಿಗೆ ಹೆಸರಾದದ್ದು. ಸಾಣೆಗೆ ಹರಳನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂಬುದು ಅಲ್ಲಿಯ ಕಸುಬುದಾರನ ಮಣಿಕಟ್ಟಿಗೆ ಗೊತ್ತು. ಹೆಚ್ಚು ಹೊಳಪು ಕೊಡುವ ಸಾಣೆ ಬಂದರೆ ಅವನೇ ದುಡ್ಡು ಕೊಟ್ಟು ತಂದಾನು. ಅರ್ಧ ಉಜ್ಜಿದ ಹರಳು ಕೈಯಲ್ಲಿರುವಾಗ ಯಾರೋ ಸಾಣೆ ಬದಲಿಸಿ ಹೋದರೆ ಅವನು ಆಡುವ ಮಾತು ಪ್ರಬಂಧದಲ್ಲಿ ಬರೆಯತಕ್ಕದ್ದಲ್ಲ. ಇನ್ನು, ಕಣ್ಣು ಕಾಣದವರು ಪರದೆ ಓದಿ ಹೇಳುವ ತಂತ್ರಾಂಶ ಹಿಡಿದು ಈ ಬ್ಲಾಕುಗಳ ನಡುವೆ ಪಟ್ಟ ಪಾಡಿಗೆ ಅಣಕ ಒಗ್ಗದು. ವರ್ಡ್‌ಪ್ರೆಸ್‌ನ ಸುಗಮ ಬಳಕೆಯ ತಂಡವನ್ನು ಮುನ್ನಡೆಸುತ್ತಿದ್ದ ರಿಯಾನ್ ರೀಟ್‌ವೆಲ್ಡ್ 2018ರ ಅಕ್ಟೋಬರಿನಲ್ಲೇ ಹೊಣೆ ಬಿಟ್ಟು ನಡೆದರು. ಅವರು ಹಳಬರ ಸಿಡುಕಿನಿಂದ ಹೋದರೆಂದು ಪೂರ್ವಪಕ್ಷಿಯೂ ಹೇಳಲಾರ.

ಪುಕ್ಕಟೆ ಸಿಕ್ಕಿದ್ದಕ್ಕೆ ತಕರಾರೇಕೆ, ಬೇಡವಾದವರು ಬಿಡಲಿ ಎಂಬುದು ಕೊನೆಯ ಆಕ್ಷೇಪ. ಕೆಲವರು ಬಿಟ್ಟೇ ಬಿಟ್ಟರು. ಮುಕ್ತ ಪರವಾನಗಿ ಇದ್ದದ್ದರಿಂದ ಹಳೆಯ ಎಡಿಟರನ್ನೇ ಇಟ್ಟುಕೊಂಡು ಕ್ಲಾಸಿಕ್‌ಪ್ರೆಸ್ ಎಂಬ ಬೇರೆ ಮನೆ ಹೂಡಿದರು. ಬಿಡದವರಿಗೆ ಪ್ಲಗಿನ್ನಿನ ಆಯುಷ್ಯ ಮೊದಲು 2021ರ ಕೊನೆಯವರೆಗೆ ಎಂದಿತ್ತು, ಆಮೇಲೆ 2022ರವರೆಗಾದರೂ ಅಥವಾ ಅಗತ್ಯವಿರುವಷ್ಟು ಕಾಲ ಎಂದಾಯಿತು. ಅಗತ್ಯ ತೀರಿತೆಂದು ತಿಳಿಯಲು ಮೀಮಾಂಸೆಯ ಆರು ಪ್ರಮಾಣಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ಆಚಾರ್ಯರು ವಿಧಿಸಿಲ್ಲ.